ಗಾಳಿ ಫ್ಯಾನಿನಿಂದ ಗ್ರಿಡ್‌ವರೆಗಿನ ಲೈನು: ಪರಿಸರದ ಮೇಲಿನ ಪರಿಣಾಮ ಅಳೆಯುವ ಬಗೆ

ಆಂಧ್ರದ ಅನಂತಪುರ ಜಿಲ್ಲೆಯ ರಾಯದುರ್ಗದಿಂದ ಬೆಳಗುಪ್ಪ, ಉರವಕೊಂಡದ ಕಡೆ ಹೊರಟರೆ ಗುಡ್ಡದ ನೆತ್ತಿಯ ಮೇಲೂ ಶೇಂಗಾ ಹೊಲದ ನಡುವೆಯೂ ಗಾಳಿ ಫ್ಯಾನುಗಳು. ಊರಲ್ಲಿ ಮಾತು ನಡೆಯುವುದೂ ಫ್ಯಾನಿನ ಬಗ್ಗೆಯೇ: ಅದರ ಸದ್ದು, ಅದರ ನೆರಳು, ಜಮೀನಿಗೆ ಸಿಕ್ಕ ಬೆಲೆ. ಒಂದು ಫ್ಯಾನು ಕೂರಲು ಕೆಲವೇ ಎಕರೆ ಸಾಕು. ಅದರ ಕರೆಂಟು ಗ್ರಿಡ್ ಸೇರಬೇಕಾದರೆ ಮಾತ್ರ ಹತ್ತಾರು ಕಿಲೋಮೀಟರ್ ಹೊಲ, ಹಳ್ಳ, ಕೆರೆಯಂಗಳ ದಾಟಬೇಕು. ಹಕ್ಕಿ ಸಾಯುವುದು, ಮರ ಉರುಳುವುದು, ಬದು ಒಡೆಯುವುದು ಬಹಳಷ್ಟು ಸಲ ಈ ಲೈನಿನ ಉದ್ದಕ್ಕೇ. ಆದ್ದರಿಂದ ಫ್ಯಾನು, ಲೈನು, ಸಬ್‌ಸ್ಟೇಷನ್, ಅದಕ್ಕಾಗಿ ಮಾಡಿದ ದಾರಿ ಇಷ್ಟನ್ನೂ ಒಂದೇ ಯೋಜನೆ ಎಂದು ಹಿಡಿದು ಲೆಕ್ಕ ಹಾಕಬೇಕು, ಅದೂ ಲೈನಿನ ಜಾಡು ಇತ್ಯರ್ಥವಾಗುವ ಮೊದಲು. ಟವರ್ ನಿಂತ ಮೇಲೆ ಬರೆದ ವರದಿಯಿಂದ ಒಂದು ಮರವೂ ಉಳಿಯುವುದಿಲ್ಲ.

ಇದನ್ನು ಮಾಡುವವರು ಯಾರು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ನೇರ ಉತ್ತರವಿಲ್ಲ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಯೂ ಇಲ್ಲ, ವಿದ್ಯುತ್ ಪ್ರಸರಣ ಲೈನೂ ಇಲ್ಲ. ಹಾಗಾಗಿ ಸಾರ್ವಜನಿಕ ಅಹವಾಲು ಸಭೆಯೂ ಕಡ್ಡಾಯವಲ್ಲ. ಅರಣ್ಯ ಭೂಮಿ ತಾಗಿದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ಅಭಯಾರಣ್ಯ ತಾಗಿದರೆ 1972ರ ವನ್ಯಜೀವಿ ಕಾಯ್ದೆ, ಮರ ಕಡಿಯಬೇಕಾದರೆ ನೀರು, ನೆಲ, ಮರ ಕಾಯುವ ಆಂಧ್ರದ 2002ರ ವಾಲ್ಟಾ ಕಾಯ್ದೆ ಅಡ್ಡ ಬರುತ್ತವೆ. ಉಳಿದ ಬಯಲಿಗೆ, ಅಂದರೆ ನಮ್ಮ ಎರೆ ಮತ್ತು ಮಸಾರಿ ಹೊಲಗಳಿಗೆ, ಕೇಳುವವರಿಲ್ಲ. ಅಂತರರಾಷ್ಟ್ರೀಯ ಬ್ಯಾಂಕುಗಳ ಸಾಲವಿದ್ದರೆ ಅವು ಪರಿಸರ ಮತ್ತು ಸಾಮಾಜಿಕ ವರದಿ ಕೇಳುತ್ತವೆ. ಅಂಥ ವರದಿ ಇದೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ಅದನ್ನು ಪರೀಕ್ಷಿಸಲು, ಇಲ್ಲದಿದ್ದರೆ ಹೊಸದಾಗಿ ಮಾಡಲು ಮುಂದಿನ ಕ್ರಮ ನೆರವಾಗುತ್ತದೆ.

ಮೊದಲು ಸರಪಳಿ ಬರೆಯಿರಿ

ಫ್ಯಾನಿನೊಳಗೆ ಹುಟ್ಟುವ ಕರೆಂಟು ಸಾಮಾನ್ಯವಾಗಿ 690 ವೋಲ್ಟ್. ಬುಡದಲ್ಲಿರುವ ಟ್ರಾನ್ಸ್‌ಫಾರ್ಮರ್ ಅದನ್ನು 33 ಕೆವಿಗೆ, ಅಂದರೆ 33,000 ವೋಲ್ಟಿಗೆ, ಏರಿಸುತ್ತದೆ. ಹಲವು ಫ್ಯಾನುಗಳ 33 ಕೆವಿ ಲೈನುಗಳು ಕಂಬದ ಮೇಲೆ ಹಾದು ಒಂದು ಪೂಲಿಂಗ್ ಸಬ್‌ಸ್ಟೇಷನ್ ಸೇರುತ್ತವೆ. ಅಲ್ಲಿ 132 ಅಥವಾ 220 ಕೆವಿಗೆ ಏರಿ, ಟವರ್ ಲೈನಿನ ಮೂಲಕ ರಾಜ್ಯದ ಪ್ರಸರಣ ಕಂಪನಿ ಎಪಿ ಟ್ರಾನ್ಸ್‌ಕೊ ಸಬ್‌ಸ್ಟೇಷನ್‌ಗೆ ಹೋಗುತ್ತದೆ. ಅನಂತಪುರ ಜಿಲ್ಲೆಯ ಈ ಭಾಗದಲ್ಲಿ ಉರವಕೊಂಡದ 400 ಕೆವಿ ಸಬ್‌ಸ್ಟೇಷನ್ ಅಂಥದ್ದೊಂದು ದೊಡ್ಡ ಕೂಡುದಾಣ. ಹಾಳೆಯ ಮೇಲೆ ಈ ಸರಪಳಿ ಬರೆದು ಪ್ರತಿ ಕೊಂಡಿಯ ಎದುರು ಉದ್ದ, ಕಂಬ ಅಥವಾ ಟವರ್ ಸಂಖ್ಯೆ, ಮಾಲೀಕರು ಯಾರು ಎಂದು ತುಂಬಿ. ಮಾಲೀಕತ್ವ ಬದಲಾಗುವ ಕಡೆಯೇ ಹೊಣೆ ಜಾರಿಹೋಗುತ್ತದೆ. ಫ್ಯಾನಿನವರು ಲೈನು ನಮ್ಮದಲ್ಲ ಎನ್ನುತ್ತಾರೆ, ಲೈನಿನವರು ದಾರಿ ನಮ್ಮದಲ್ಲ ಎನ್ನುತ್ತಾರೆ.

ನಕ್ಷೆ, ಮತ್ತು ಕನಿಷ್ಠ ಮೂರು ಜಾಡು

ಸರ್ವೆ ಇಲಾಖೆಯ 1:50,000 ಅಳತೆಯ ಟೋಪೋ ನಕ್ಷೆ, ಉಪಗ್ರಹ ಚಿತ್ರ, ಗ್ರಾಮದ ಎಫ್‌ಎಂಬಿ ನಕ್ಷೆ (ಹೊಲಗಳ ಗಡಿ ಅಳತೆ), ಅಡಂಗಲ್ (ಯಾರ ಹೊಲ, ಯಾವ ಬೆಳೆ ಎಂಬ ದಾಖಲೆ) ಇವಿಷ್ಟು ಕೈಯಲ್ಲಿರಲಿ. ಲೈನಿಗೆ ಬೇಕಾದ ಪಟ್ಟಿಯ ಅಗಲ ವೋಲ್ಟೇಜಿಗೆ ತಕ್ಕಂತೆ ಹೆಚ್ಚುತ್ತದೆ: 33 ಕೆವಿಗೆ 15 ಮೀಟರ್, 132 ಕೆವಿಗೆ 27, 220 ಕೆವಿಗೆ 35, 400 ಕೆವಿಗೆ 46. 15 ಕಿ.ಮೀ. ಉದ್ದದ 220 ಕೆವಿ ಲೈನು ಎಂದರೆ 52.5 ಹೆಕ್ಟೇರು, ಸುಮಾರು 130 ಎಕರೆಯ ಪಟ್ಟಿ. ಟವರಿನ ಬುಡಕ್ಕೆ ಹೋಗುವ ನೆಲ ಇದರಲ್ಲಿ ಅತಿ ಸಣ್ಣ ಪಾಲು. ಉಳಿದದ್ದರಲ್ಲಿ ಬೇಸಾಯ ಮುಂದುವರಿಯಬಹುದು, ಎತ್ತರದ ಮರ ಮತ್ತು ಮನೆ ಮಾತ್ರ ಇರುವಂತಿಲ್ಲ.

ನಕ್ಷೆಯ ಮೇಲೆ ಕೆರೆ, ಹಳ್ಳ, ಕಾಲುವೆ, ಕೊಳವೆಬಾವಿ, ಮನೆ, ಶಾಲೆ, ಗುಡಿ, ಸ್ಮಶಾನ, ಕುರಿ ಹಟ್ಟಿ, ಕುರಿ ಹೋಗುವ ದಾರಿ, ಒಂಟಿ ಹುಣಸೆ ಬೇವಿನ ಮರ, ಹುಲ್ಲುಬಯಲು ಎಲ್ಲ ಗುರುತಿಸಿ. ಕಂದಾಯ ದಾಖಲೆಯಲ್ಲಿ ಪಾಳು ಎಂದು ಬರೆದಿರುವ ಹುಲ್ಲುಬಯಲನ್ನು ವಿಶೇಷವಾಗಿ ನೋಡಿ. ತೋಳ, ಗುಳ್ಳೆನರಿ, ಕೃಷ್ಣಮೃಗ ಬದುಕುವುದು ಅಲ್ಲೇ, ಲೈನು ಎಳೆಯುವವರಿಗೆ ಮೊದಲು ಕಾಣುವ ಅಗ್ಗದ ಜಾಗವೂ ಅದೇ. ಇವೆಲ್ಲದರ ಜೊತೆಗೆ ಈಗಾಗಲೇ ಇರುವ ಮತ್ತು ಮಂಜೂರಾಗಿರುವ ಬೇರೆ ಕಂಪನಿಗಳ ಲೈನುಗಳನ್ನೂ ಎಳೆಯಿರಿ. ಒಂದೇ ಊರಿನ ಮೇಲೆ ಮೂರು ಕಂಪನಿಗಳ ಮೂರು ಲೈನು ಹಾದಾಗ ಪ್ರತಿಯೊಬ್ಬರ ವರದಿಯೂ ನಮ್ಮದು ಅಲ್ಪ ಪರಿಣಾಮ ಎಂದೇ ಹೇಳುತ್ತದೆ. ಒಟ್ಟು ಹೊರೆ ಕಾಣುವುದು ಮೂರನ್ನೂ ಒಂದೇ ಹಾಳೆಯಲ್ಲಿ ಇಟ್ಟಾಗ.

ನಂತರ ಮೂರು ಬದಲಿ ಜಾಡು ಬರೆಯಿರಿ. ಅವುಗಳಲ್ಲಿ ಒಂದು, ಇರುವ ಲೈನಿನ ಟವರಿನಲ್ಲೇ ಎರಡನೇ ಸರ್ಕ್ಯೂಟ್ (ಮೂರು ತಂತಿಗಳ ಇನ್ನೊಂದು ಕಟ್ಟು) ಎಳೆಯುವುದೋ ಹಂಚಿಕೊಂಡ ಸಬ್‌ಸ್ಟೇಷನ್ ಬಳಸುವುದೋ ಆಗಿರಲಿ. ಪ್ರತಿ ಜಾಡಿಗೂ ಉದ್ದ, ತಿರುವಿನ ಟವರ್ ಎಷ್ಟು, ಬೀಳುವ ಮರ ಎಷ್ಟು, ದಾಟುವ ಹಳ್ಳ ಎಷ್ಟು, 100 ಮೀಟರ್ ಒಳಗಿನ ಮನೆ ಎಷ್ಟು ಎಂದು ಎಣಿಸಿ. ತಿರುವಿನ ಟವರಿಗೆ ನೇರ ಟವರಿಗಿಂತ ಹೆಚ್ಚು ಉಕ್ಕು, ದೊಡ್ಡ ಅಡಿಪಾಯ ಬೇಕು. ಊರು ಸುತ್ತಿ ಹೋಗುವ ಜಾಡು ಬೇಕೆನ್ನುವಾಗ ಈ ಹೊರೆಯೂ ಲೆಕ್ಕದಲ್ಲಿರಲಿ.

ಪೂಲಿಂಗ್ ಸಬ್‌ಸ್ಟೇಷನ್ ಎಲ್ಲಿ ಎಂಬ ಪ್ರಶ್ನೆ

ಇದನ್ನು ಬರೀ ಎಂಜಿನಿಯರುಗಳ ವಿಷಯವೆಂದು ಬಿಟ್ಟುಬಿಡುವುದು ದೊಡ್ಡ ತಪ್ಪು. 100 ಮೆಗಾವ್ಯಾಟ್ ಕರೆಂಟನ್ನು 15 ಕಿ.ಮೀ. ಸಾಗಿಸಬೇಕು ಎಂದಿಟ್ಟುಕೊಳ್ಳಿ. 33 ಕೆವಿಯಲ್ಲಿ ಡಾಗ್ ಎಂಬ ಅಳತೆಯ ತಂತಿಯ ಒಂದು ಸರ್ಕ್ಯೂಟಿಗೆ 12 ಮೆಗಾವ್ಯಾಟ್ ಹಾಕಿದರೆ ಹರಿಯುವುದು ಸುಮಾರು 210 ಆಂಪಿಯರ್. ಬಿಸಿಯಾದ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.33 ಓಮ್. ಆಂಪಿಯರಿನ ವರ್ಗವನ್ನು ರೋಧದಿಂದಲೂ ಮೂರು ತಂತಿಗಾಗಿ 3ರಿಂದಲೂ ಗುಣಿಸಿದರೆ ಕಿಲೋಮೀಟರಿಗೆ ಸುಮಾರು 44 ಕಿಲೋವ್ಯಾಟ್ ಶಾಖವಾಗಿ ಹೋಗುತ್ತದೆ. 15 ಕಿ.ಮೀ.ಗೆ 655 ಕಿಲೋವ್ಯಾಟ್, ಅಂದರೆ ಪೂರ್ಣ ಗಾಳಿಯಲ್ಲಿ ಶೇ. 5.5 ನಷ್ಟ. ಅದೇ 100 ಮೆಗಾವ್ಯಾಟನ್ನು 220 ಕೆವಿಯಲ್ಲಿ ಝೀಬ್ರಾ ಎಂಬ ದಪ್ಪ ತಂತಿಯ ಮೇಲೆ ಕಳಿಸಿದರೆ 262 ಆಂಪಿಯರ್, 15 ಕಿ.ಮೀ.ಗೆ ಕಾಲು ಮೆಗಾವ್ಯಾಟಿನಷ್ಟು, ಶೇ. 0.26. ವರ್ಷದ ಸರಾಸರಿಯಲ್ಲಿ ಗಾಳಿ ಕಡಿಮೆ ಇರುವುದರಿಂದ ಎರಡೂ ನಷ್ಟಗಳು ಇದಕ್ಕಿಂತ ಇಳಿಯುತ್ತವೆ, ಅಂತರ ಮಾತ್ರ ಉಳಿಯುತ್ತದೆ.

ನೆಲದ ಲೆಕ್ಕವೂ ಅದೇ ದಿಕ್ಕಿಗೆ ವಾಲುತ್ತದೆ. 100 ಮೆಗಾವ್ಯಾಟಿಗೆ ಬೇಕಾಗುವ ಕನಿಷ್ಠ ಎಂಟು 33 ಕೆವಿ ಸರ್ಕ್ಯೂಟುಗಳನ್ನು ಕಂಬಕ್ಕೆರಡರಂತೆ ಕಟ್ಟಿದರೂ ನಾಲ್ಕು ಸಾಲು, 60 ಮೀಟರ್ ಪಟ್ಟಿ. 220 ಕೆವಿಗೆ 35 ಮೀಟರ್ ಸಾಕು. ಆದ್ದರಿಂದ ಪೂಲಿಂಗ್ ಸಬ್‌ಸ್ಟೇಷನ್ ಫ್ಯಾನುಗಳ ನಡುವೆ ಇರುವುದು ಸಾಮಾನ್ಯವಾಗಿ ಒಳ್ಳೆಯದು. ದೂರದಲ್ಲಿ ಅಗ್ಗದ ಜಮೀನು ಸಿಕ್ಕಿತೆಂದು ಅಲ್ಲಿ ಕಟ್ಟಿದರೆ ಅದರ ಬೆಲೆಯನ್ನು 33 ಕೆವಿ ಕಂಬಗಳ ಕೆಳಗಿನ ರೈತರು ತೆರುತ್ತಾರೆ.

ಮಣ್ಣು ಮತ್ತು ನೀರು

ಅನಂತಪುರದ ವರ್ಷದ ಮಳೆ ಸುಮಾರು 550 ಮಿ.ಮೀ. ಮಳೆ ಕಡಿಮೆಯಾದರೂ ಬಂದಾಗ ರಭಸದಿಂದ ಬರುತ್ತದೆ, ಮಸಾರಿ ನೆಲದ ತೆಳು ಮೇಲ್ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಕ್ರೇನು ಹೋಗಲೆಂದು ಗುಡ್ಡದ ಇಳಿಜಾರಿಗೆ ನೇರವಾಗಿ ಕಡಿದ ದಾರಿಯೇ ಮೊದಲ ಮಳೆಗೆ ಹಳ್ಳವಾಗುತ್ತದೆ. ದಾರಿ ಸಮಪಾತಳಿಯಲ್ಲಿ ಸುತ್ತಿ ಹೋಗಿದೆಯೇ, ಅಡ್ಡ ಚರಂಡಿಯ ಬಾಯಿ ಯಾರ ಹೊಲಕ್ಕೆ ತೆರೆದಿದೆ, ಒಡೆದ ಬದು ಮತ್ತೆ ಕಟ್ಟಿದ್ದಾರೆಯೇ ಎಂದು ನಡೆದು ನೋಡಿ, ಫೋಟೊ ತೆಗೆದು, ಜಿಪಿಎಸ್ ಗುರುತು ಹಾಕಿ. ಎರೆ ನೆಲ ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಅಡಿಪಾಯ ಹೆಚ್ಚು ಆಳ, ಹೆಚ್ಚು ಅಗಲ ಬೇಕು, ತೆಗೆದ ಮಣ್ಣೂ ಹೆಚ್ಚು. ಮೇಲಿನ ಒಂದಡಿ ಮಣ್ಣನ್ನು ಬೇರೆ ರಾಶಿ ಹಾಕಿ ಕೊನೆಗೆ ಮೇಲಕ್ಕೇ ಹರಡಬೇಕು. ಅಡಿಮಣ್ಣು ಮೇಲೆ ಬಂದರೆ ಆ ತುಂಡು ಹೊಲ ಕೆಲವು ವರ್ಷ ಸರಿಯಾಗಿ ಬೆಳೆಯದು.

ಬೊಮ್ಮನಹಾಳ್, ಕಣೇಕಲ್ಲು ಮಂಡಲಗಳಲ್ಲಿ ಹಗರಿ ದಂಡೆಯ ಮರಳು ಬೇರೆಯೇ ಸಮಸ್ಯೆ. ನೈರುತ್ಯ ಮುಂಗಾರಿನ ಗಾಳಿ ನದಿಯ ಮರಳನ್ನು ಎತ್ತಿ ಹೊಲಗಳ ಮೇಲೆ ದಿಬ್ಬ ಕಟ್ಟುತ್ತದೆ. ಅಲ್ಲಿ ಮರಳು ಹಿಡಿದಿಟ್ಟಿರುವ ಪೊದೆ, ಹುಲ್ಲು, ಜಾಲಿಯನ್ನು ಲೈನಿನ ಪಟ್ಟಿಗೆಂದು ಬೋಳಿಸಿದರೆ ದಿಬ್ಬ ಮತ್ತೆ ಚಲಿಸುತ್ತದೆ. ತಂತಿ ಎಳೆಯಲು ಪೂರ್ತಿ ಅಗಲ ಬೋಳಿಸಬೇಕಿಲ್ಲ, ತಂತಿಯ ಕೆಳಗೆ ಕೆಲವು ಮೀಟರ್ ಸಾಕು. ಮರಳು ಪ್ರದೇಶದಲ್ಲಿ ಇದನ್ನು ಲಿಖಿತ ಷರತ್ತಾಗಿ ಕೇಳಬೇಕು. ಕಾಂಕ್ರೀಟಿಗೆ, ಅದರ ಕ್ಯೂರಿಂಗಿಗೆ ಬೇಕಾದ ನೀರು ಯಾವ ಕೊಳವೆಬಾವಿಯಿಂದ, ದಿನಕ್ಕೆ ಎಷ್ಟು ಟ್ಯಾಂಕರ್ ಎಂಬುದನ್ನೂ ಬರೆಸಿಕೊಳ್ಳಿ.

ಹಕ್ಕಿಗಳು: ಇಲ್ಲಿ ಸಮಯ ಕೊಡಿ

ಲೈನು ಹಕ್ಕಿಯನ್ನು ಎರಡು ರೀತಿ ಕೊಲ್ಲುತ್ತದೆ, ಎರಡಕ್ಕೂ ಪರಿಹಾರ ಬೇರೆ ಬೇರೆ. ಒಂದನ್ನು ಸರಿಪಡಿಸಿ ಎರಡೂ ಮುಗಿಯಿತೆಂದು ಬರೆಯುವುದು ವರದಿಗಳಲ್ಲಿ ಪದೇ ಪದೇ ಕಾಣುವ ದೋಷ.

ಮೊದಲನೆಯದು ಢಿಕ್ಕಿ. 220 ಕೆವಿ ಟವರನ್ನು ಕೆಳಗಿನಿಂದ ನೋಡಿ. ಕರೆಂಟು ಹರಿಯುವ ಝೀಬ್ರಾ ತಂತಿ 28.6 ಮಿ.ಮೀ. ದಪ್ಪ, ಹೆಬ್ಬೆರಳಿಗಿಂತ ದಪ್ಪ. ನೆತ್ತಿಯ ಮೇಲೆ ಸಿಡಿಲು ತಡೆಯಲು ಹಾದಿರುವ ಅರ್ತ್ ವೈರ್ 9.5 ಮಿ.ಮೀ. ಅಷ್ಟೆ, ಪೆನ್ಸಿಲಿನಷ್ಟು. ಹಾರಿ ಬರುವ ಹಕ್ಕಿಗೆ ದಪ್ಪ ತಂತಿ ಕಾಣುತ್ತದೆ. ಅದನ್ನು ತಪ್ಪಿಸಲು ಮೇಲೇರುತ್ತದೆ, ಕಾಣದ ತೆಳು ತಂತಿಗೆ ಬಡಿಯುತ್ತದೆ. ಭಾರದ ಮೈ, ಥಟ್ಟನೆ ತಿರುಗಲಾರದ ರೆಕ್ಕೆ ಇರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್), ಕೊಕ್ಕರೆ, ಬಾತು, ನವಿಲುಗಳಿಗೆ ಅಪಾಯ ಹೆಚ್ಚು. ಎರೆಭೂತಕ್ಕೆ ನೇರ ಮುಂದಿನ ನೋಟವೇ ಕಿರಿದು. ಪಕ್ಕದ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಬಯಲು, ಕರ್ನೂಲು ಕಡೆಯ ರೋಳ್ಳಪಾಡು ಅದರ ಹಳೆಯ ನೆಲೆಗಳು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಲೈನುಗಳನ್ನು ನೆಲದಡಿಗೆ ಇಳಿಸಲು ಹೇಳಿದ್ದು, 2024ರ ಮಾರ್ಚ್‌ನಲ್ಲಿ ಆ ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿದ್ದು ರಾಜಸ್ಥಾನ, ಗುಜರಾತಿನ ನೆಲೆಗಳ ಬಗ್ಗೆ. ಹಕ್ಕಿ ಸಾಯುವ ಕಾರಣ ಮಾತ್ರ ಎಲ್ಲ ಕಡೆ ಒಂದೇ.

ಎರಡನೆಯದು ಕರೆಂಟು ಹೊಡೆಯುವುದು. ಇದು 33 ಕೆವಿ ಕಂಬದ ಕಾಟ. ಕಂಬದ ಕಬ್ಬಿಣದ ಅಡ್ಡಪಟ್ಟಿ ನೆಲಕ್ಕೆ ಅರ್ತ್ ಆಗಿರುತ್ತದೆ. ಮರವಿಲ್ಲದ ಎರೆಯಲ್ಲಿ ಹದ್ದು, ಗಿಡುಗ, ಗೂಬೆಗೆ ಕೂರಲು ಅದೇ ಎತ್ತರದ ಜಾಗ. ಕಾಲು ಪಟ್ಟಿಯ ಮೇಲೆ, ಬಿಚ್ಚಿದ ರೆಕ್ಕೆ ತಂತಿಗೆ ತಾಗಿದರೆ ಮುಗಿಯಿತು. ದೊಡ್ಡ ಹದ್ದಿಗೆ ಸುರಕ್ಷಿತವಾಗಬೇಕಾದರೆ ಕರೆಂಟಿನ ಭಾಗಗಳ ನಡುವೆ, ಕರೆಂಟಿಗೂ ಅರ್ತಿಗೂ ನಡುವೆ, ಅಡ್ಡಡ್ಡ 1.5 ಮೀಟರ್, ಮೇಲೆ-ಕೆಳಗೆ 1 ಮೀಟರ್ ಅಂತರ ಬೇಕು. ನೇರ ಕಂಬಕ್ಕಿಂತ ಡಿಪಿ (ಜೋಡಿ ಕಂಬ), ಎಬಿ ಸ್ವಿಚ್ (ಲೈನು ಕಡಿದು ಜೋಡಿಸುವ ಸ್ವಿಚ್), ಫ್ಯಾನಿನ ಬುಡದ ಟ್ರಾನ್ಸ್‌ಫಾರ್ಮರ್ ಇರುವ ಕಡೆ ಅಪಾಯ ಹೆಚ್ಚು, ಏಕೆಂದರೆ ಅಲ್ಲಿ ಲೈನನ್ನು ಉಪಕರಣಕ್ಕೆ ಜೋಡಿಸುವ ತುಂಡು ತಂತಿಗಳು, ಅಂದರೆ ಜಂಪರುಗಳು, ಒತ್ತೊತ್ತಾಗಿರುತ್ತವೆ. ಜಂಪರಿಗೆ ಇನ್ಸುಲೇಷನ್ ಕೊಳವೆ, ಇನ್ಸುಲೇಟರಿಗೆ ಮುಚ್ಚಳ ಹಾಕುವುದು ಕಡಿಮೆ ಖರ್ಚಿನ ಪರಿಹಾರ. ಕಟ್ಟುವಾಗಲೇ ಹಾಕಬೇಕು.

ಗಣತಿ ಹೀಗೆ ಮಾಡಿ. ಲೈನಿನ ಜಾಡಿನ ಮೇಲೆ 2 ಕಿ.ಮೀ. ಸುತ್ತ ಕಾಣುವ ಎತ್ತರದ ಜಾಗಗಳನ್ನು ಆರಿಸಿ. ಪ್ರತಿ ಜಾಗದಲ್ಲಿ ಒಂದು ಋತುವಿಗೆ ಕನಿಷ್ಠ 36 ಗಂಟೆ, ಒಂದು ಸಲಕ್ಕೆ ಮೂರು ಗಂಟೆಗಿಂತ ಹೆಚ್ಚಿಲ್ಲದಂತೆ ಕೂತು, ದಾಟಿದ ಹಕ್ಕಿ ಯಾವುದು, ಎಷ್ಟು, ಯಾವ ದಿಕ್ಕು, ತಂತಿಯ ಎತ್ತರಕ್ಕಿಂತ ಕೆಳಗೋ ಅದೇ ಎತ್ತರವೋ ಮೇಲೋ ಎಂದು ಬರೆಯಿರಿ. ಬೆಳಕು ಹರಿಯುವ ಮತ್ತು ಮುಳುಗುವ ಹೊತ್ತು ತಪ್ಪಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಗಾಲ, ನವೆಂಬರ್‌ನಿಂದ ಮಾರ್ಚ್‌ವರೆಗಿನ ವಲಸೆಗಾಲ ಎರಡೂ ಬೇಕು. ಮೇ ತಿಂಗಳಲ್ಲಿ ನಾಲ್ಕು ದಿನ ತಿರುಗಿ ಬರೆದ ಪಟ್ಟಿಯಲ್ಲಿ ಚಳಿಗಾಲಕ್ಕೆ ಬರುವ ಹ್ಯಾರಿಯರ್ ಜಾತಿಯ ಬೇಟೆ ಹಕ್ಕಿಗಳು ಇರುವುದಿಲ್ಲ. ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಮೀನಿಗಾಗಿ ಸುತ್ತಲಿನ ಕೆರೆಗಳಿಗೆ ಹೋಗಿಬರುತ್ತವೆ. ಇಂಥ ಕಡೆ ಗೂಡಿನ ಸುತ್ತ ಒಂದು ವೃತ್ತ ಎಳೆದರೆ ಸಾಲದು, ಗೂಡಿನಿಂದ ಕೆರೆಗೆ ಹಾರುವ ದಾರಿಯನ್ನೇ ನಕ್ಷೆಗೆ ಇಳಿಸಬೇಕು. ತಂಗುವ ಜಾಗಕ್ಕೂ ಮೇಯುವ ಜಾಗಕ್ಕೂ ನಡುವೆ ಅಡ್ಡ ಹಾದ ಲೈನಿಗಿಂತ ಕೆಟ್ಟದ್ದಿಲ್ಲ.

ಇರುವ ಲೈನಿನ ಕೆಳಗೆ ಸತ್ತ ಹಕ್ಕಿ ಹುಡುಕುವಾಗ ಸಿಕ್ಕಷ್ಟನ್ನೇ ಸಂಖ್ಯೆ ಎಂದು ಬರೆಯಬೇಡಿ. ನಾಯಿ, ನರಿ ಎತ್ತಿಕೊಂಡು ಹೋಗುತ್ತವೆ, ಹುಲ್ಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮೊದಲು 20 ಸತ್ತ ಕೋಳಿಗಳನ್ನು ಹುಡುಕುವವರಿಗೆ ತಿಳಿಯದಂತೆ ಇಟ್ಟು ನೋಡಿ. ಅವರಿಗೆ 12 ಸಿಕ್ಕರೆ ಹುಡುಕುವ ಸಾಮರ್ಥ್ಯ 0.6. ಮುಂದಿನ ಸುತ್ತಿನವರೆಗೆ ಅರ್ಧ ಮಾತ್ರ ಉಳಿದರೆ ಉಳಿಕೆ 0.5. ಲೈನಿನ ಐದನೇ ಒಂದು ಭಾಗ ಮಾತ್ರ ನಡೆದಿದ್ದರೆ 0.2. ಈ ಉದಾಹರಣೆಯಲ್ಲಿ 4 ಹಕ್ಕಿ ಸಿಕ್ಕಿದ್ದರೆ, 4ನ್ನು 0.6, 0.5, 0.2 ಇವುಗಳ ಗುಣಲಬ್ಧದಿಂದ ಭಾಗಿಸಿ: ಸುಮಾರು 67. ನಾಲ್ಕಕ್ಕೂ ಅರವತ್ತೇಳಕ್ಕೂ ಇರುವ ದೂರವೇ ಒಳ್ಳೆಯ ವರದಿಗೂ ಕಾಟಾಚಾರದ ವರದಿಗೂ ಇರುವ ದೂರ.

ಅರ್ತ್ ವೈರಿಗೆ ಸುರುಳಿ ಅಥವಾ ತೂಗುಫಲಕದ ಗುರುತು ಹಾಕಿದರೆ ಢಿಕ್ಕಿ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. 5ರಿಂದ 10 ಮೀಟರಿಗೊಂದು ಹಾಕುವುದು ರೂಢಿ. ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಒಡೆಯುತ್ತದೆ, ಮುಂಗಾರಿನ ಗಾಳಿಗೆ ಜಾರಿ ಟವರಿನ ಕಡೆ ಗುಂಪುಗೂಡುತ್ತದೆ. ಅಕ್ಟೋಬರಿನಲ್ಲಿ ಪ್ರತಿ ವರ್ಷ ಎಣಿಸಿ, ಬಿದ್ದದ್ದಕ್ಕೆ ಬದಲಿ ಹಾಕಬೇಕು ಎಂಬುದು ಷರತ್ತಿನಲ್ಲಿರಲಿ.

ಜನ, ಮನೆ, ಹೊಲ

ತಂತಿಯ ಕನಿಷ್ಠ ಎತ್ತರ: ಹೊಲದಲ್ಲಿ 33 ಕೆವಿಗೆ 5.2 ಮೀಟರ್, ರಸ್ತೆ ದಾಟುವಲ್ಲಿ 6.1. ಅದಕ್ಕಿಂತ ಹೆಚ್ಚಿನ ಪ್ರತಿ 33 ಕೆವಿಗೆ ಅಥವಾ ಅದರ ಭಾಗಕ್ಕೆ 0.3 ಮೀಟರ್ ಸೇರಿಸಬೇಕು, 220 ಕೆವಿಗೆ 7 ಮೀಟರ್ ಆಗುತ್ತದೆ. ತಂತಿ ಬಿಸಿಯಾದಾಗ ಜೋತು ಬೀಳುತ್ತದೆ. ಚಳಿಗಾಲದ ಬೆಳಗ್ಗೆ ಸರಿಯಿದ್ದ ಎತ್ತರ, ಜೂನ್ ಮಧ್ಯಾಹ್ನ ಪೂರ್ಣ ಗಾಳಿಯ ಹೊರೆಯಲ್ಲಿ ಸರಿಯಿರಬೇಕೆಂದಿಲ್ಲ, ಆಗಲೇ ಅಳೆಯಿರಿ. ನೆಲದ ಮೇಲೆ ನಿಂತು ಅಳೆಯುವ ಲೇಸರ್ ಅಥವಾ ಶಬ್ದತರಂಗದ ಮೀಟರ್ ಬಳಸಿ. ಗಳು, ಟೇಪು, ಏಣಿ ಎತ್ತುವ ಮಾತೇ ಬೇಡ.

ಮನೆಗಳಿಂದ ಫ್ಯಾನು 500 ಮೀಟರ್ ದೂರವಿರಬೇಕೆಂದು ಕೇಂದ್ರದ 2016ರ ಮಾರ್ಗಸೂಚಿ ಹೇಳುತ್ತದೆ. ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುವ ಸದ್ದು ಆ ಲೆಕ್ಕಕ್ಕೆ ಬರುವುದಿಲ್ಲ, ಆದರೆ 2000ದ ಶಬ್ದ ನಿಯಮಗಳ ವಸತಿ ಮಿತಿ, ಹಗಲು 55 ಮತ್ತು ರಾತ್ರಿ 45 ಡೆಸಿಬೆಲ್, ಅದಕ್ಕೂ ಅನ್ವಯ. ಅಳತೆ ರಾತ್ರಿ 10ರ ಮೇಲೆ ಮಾಡಿ, ಲೈನು ಚಾಲೂ ಆಗುವ ಮೊದಲೂ ಒಮ್ಮೆ ಮಾಡಿಟ್ಟುಕೊಳ್ಳಿ. 220 ಕೆವಿ ಲೈನಿಗೆ ಸಮಾನಾಂತರವಾಗಿ ಉದ್ದಕ್ಕೆ ಹೋದ ತಂತಿಬೇಲಿ, ದಾಳಿಂಬೆ ತೋಟದ ಆಧಾರ ತಂತಿಗಳಲ್ಲಿ ಮುಟ್ಟಿದರೆ ಜುಂ ಎನ್ನುವಷ್ಟು ಕರೆಂಟು ಕಾಣಿಸಬಹುದು. ಅಲ್ಲಲ್ಲಿ ಅರ್ತ್ ಮಾಡಿಸುವುದು ಲೈನಿನವರ ಕೆಲಸ.

ಪರಿಹಾರದ ಬಗ್ಗೆ ಒಂದು ಮಾತು. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಜೂನ್ ಮಾರ್ಗಸೂಚಿ ಟವರ್ ಬುಡದ ನೆಲಕ್ಕೆ ಭೂಮಿ ಬೆಲೆಯ ಶೇ. 200, ತಂತಿಯ ಕೆಳಗಿನ ಪಟ್ಟಿಗೆ ಶೇ. 30 ಎನ್ನುತ್ತದೆ. ಅದನ್ನು ರಾಜ್ಯ ಅಳವಡಿಸಿಕೊಳ್ಳಬೇಕು, ತಹಶೀಲ್ದಾರರಲ್ಲಿ ಸರ್ಕಾರಿ ಆದೇಶದ ಪ್ರತಿ ಕೇಳಿ. ಇದು 66 ಕೆವಿ ಮತ್ತು ಮೇಲಿನ ಟವರ್ ಲೈನುಗಳಿಗೆ. ಹೊಲದ ನಡುವೆ ಸಾಲುಗಟ್ಟಿ ನಿಲ್ಲುವ 33 ಕೆವಿ ಕಂಬಗಳು ಹೊರಗೇ ಉಳಿಯುತ್ತವೆ, ಅವುಗಳಿಗೆ ಕಂಪನಿಯೊಂದಿಗೆ ಲಿಖಿತ ಒಪ್ಪಂದವೇ ಗತಿ.

ಎಣ್ಣೆ, ಅನಿಲ, ಇಂಗಾಲದ ಲೆಕ್ಕ

ದೊಡ್ಡ ಟ್ರಾನ್ಸ್‌ಫಾರ್ಮರಿನಲ್ಲಿ ಹತ್ತಾರು ಸಾವಿರ ಲೀಟರ್ ಎಣ್ಣೆ ಇರುತ್ತದೆ. ಅದರ ಕೆಳಗಿನ ಗುಂಡಿ ಪೂರ್ತಿ ಎಣ್ಣೆ ಹಿಡಿಯುವಷ್ಟಿದೆಯೇ, ಮಳೆನೀರಿನ ಜೊತೆ ಎಣ್ಣೆ ಹೊರಗೆ ಹೋಗದಂತೆ ಬೇರ್ಪಡಿಸುವ ತೊಟ್ಟಿ ಇದೆಯೇ ನೋಡಿ. ಅಪಾಯವಾದಾಗ ಕರೆಂಟು ಕಡಿಯುವ ಬ್ರೇಕರುಗಳೊಳಗಿನ ಎಸ್‌ಎಫ್6 ಅನಿಲ 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 23,500 ಪಟ್ಟು ಬಿಸಿ ಏರಿಸುತ್ತದೆ. ಒಂದು ಕೆ.ಜಿ. ಸೋರಿದರೆ 23.5 ಟನ್. ಬ್ರೇಕರಿನ ಫಲಕದಲ್ಲಿ ಎಷ್ಟು ಕೆ.ಜಿ. ಎಂದು ಬರೆದಿರುತ್ತದೆ, ವರ್ಷಕ್ಕೆ ಎಷ್ಟು ತುಂಬಿಸಿದರು ಎಂಬ ದಾಖಲೆ ಕೇಳಿದರೆ ಸೋರಿಕೆ ತಿಳಿಯುತ್ತದೆ.

ಲಾಭದ ಬದಿಯನ್ನೂ ನಿಷ್ಠೆಯಿಂದ ಬರೆಯಬೇಕು. 100 ಮೆಗಾವ್ಯಾಟ್ ಫ್ಯಾನುಗಳು ಪೂರ್ಣ ಸಾಮರ್ಥ್ಯದ ಶೇ. 28ರಷ್ಟು ದುಡಿದರೆ ವರ್ಷಕ್ಕೆ ಸುಮಾರು 2.45 ಲಕ್ಷ ಮೆಗಾವ್ಯಾಟ್ ಗಂಟೆ. ದೇಶದ ಗ್ರಿಡ್ಡಿನ ಸರಾಸರಿ ಒಂದು ಮೆಗಾವ್ಯಾಟ್ ಗಂಟೆಗೆ ಸುಮಾರು 0.7 ಟನ್ ಎಂದು ಹಿಡಿದರೆ 1.7 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಇದು ಸಣ್ಣದಲ್ಲ. ಆದರೆ ಎಣಿಸಬೇಕಾದ್ದು ಗ್ರಿಡ್ ಸಬ್‌ಸ್ಟೇಷನ್ನಿನ ಮೀಟರಿನಲ್ಲಿ, ಫ್ಯಾನಿನ ಬುಡದಲ್ಲಿ ಅಲ್ಲ. ಲೈನಿನಲ್ಲಿ ನಷ್ಟವಾಗಿ ಹೋಗುವ, ಗ್ರಿಡ್ ತಾಳಲಾರದೆ ಫ್ಯಾನು ನಿಲ್ಲಿಸಿದಾಗ ತಪ್ಪುವ ಪ್ರತಿ ಶೇ. 1ಕ್ಕೂ 1,700 ಟನ್ ಕಳೆಯಿರಿ.

ವರದಿಯನ್ನು ಊರಿನ ಮುಂದಿಡುವುದು

ಪ್ರತಿ ಪರಿಣಾಮದ ಎದುರು ನಾಲ್ಕು ಕಾಲಂ ಸಾಕು: ಎಲ್ಲಿ, ಎಷ್ಟು, ತಪ್ಪಿಸಲು ಏನು ಮಾಡಬೇಕು, ಯಾರು ಯಾವಾಗ ಮಾಡಬೇಕು. ತಪ್ಪಿಸಲು ಆಗುವುದನ್ನು ಜಾಡು ಬದಲಿಸಿ ತಪ್ಪಿಸಬೇಕು, ಆಗದ್ದನ್ನು ಕಡಿಮೆ ಮಾಡಬೇಕು. ಗಿಡ ನೆಡುತ್ತೇವೆ ಎಂಬ ಭರವಸೆ ಕೊನೆಯದು. ಕೆರೆಯಂಚಿನ ಎರಡು ಕಿಲೋಮೀಟರ್ ಮಾತ್ರ ನೆಲದಡಿ ಕೇಬಲ್ ಹಾಕುವಂಥ ತುಂಡು ಪರಿಹಾರಗಳನ್ನು ಮರೆಯಬೇಡಿ. ಪೂರ್ತಿ ಲೈನಿಗೆ ಅದರ ಖರ್ಚು ಹಲವು ಪಟ್ಟು, ಚಿಕ್ಕ ತುಂಡಿಗಾದರೆ ಕೈಗೆಟುಕುತ್ತದೆ. ಲೈನು ಚಾಲೂ ಆದ ಮೇಲೆ ಕನಿಷ್ಠ ಎರಡು ವರ್ಷ ಸತ್ತ ಹಕ್ಕಿಗಳ ಹುಡುಕಾಟ ಅದೇ ಪದ್ಧತಿಯಲ್ಲಿ ನಡೆಯಬೇಕು, ಪದ್ಧತಿ ಬದಲಾದರೆ ಮೊದಲಿನ ಅಂಕಿಯೊಂದಿಗೆ ಹೋಲಿಸಲಾಗದು.

ಡಿ. ಹಿರೇಹಾಳ್, ಬೊಮ್ಮನಹಾಳ್ ಕಡೆಯ ಊರುಗಳಲ್ಲಿ ಮನೆಮಾತು ಕನ್ನಡ, ನೋಟಿಸು ಬರುವುದು ತೆಲುಗಿನಲ್ಲಿ, ಕಂಪನಿಯ ವರದಿ ಇಂಗ್ಲಿಷಿನಲ್ಲಿ. ಗ್ರಾಮಸಭೆಗೆ ಒಂದು ವಾರ ಮೊದಲೇ ಎರಡು ಪುಟದ ಸಾರಾಂಶವನ್ನು ಕನ್ನಡ, ತೆಲುಗು ಎರಡರಲ್ಲೂ ಮಾಡಿ, ಸರ್ವೆ ನಂಬರ್ ಬರೆದ ಜಾಡಿನ ನಕ್ಷೆಯೊಂದಿಗೆ ಗ್ರಾಮ ಸಚಿವಾಲಯದ ಗೋಡೆಗೆ ಅಂಟಿಸಿ. ಕುರಿ ಕಾಯುವವರನ್ನು ಹೆಸರು ಹಿಡಿದು ಸಭೆಗೆ ಕರೆಯಿರಿ. ಯಾವ ಕಂಬದ ಕೆಳಗೆ ಹದ್ದು ಬಿದ್ದಿತ್ತು, ಯಾವ ಹಳ್ಳದ ದಂಡೆ ಎರಡು ಸಲ ಕುಸಿದಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅವರು ಹೇಳಿದ್ದನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಿ, ಸಹಿ ಹಾಕಿಸಿ, ಒಂದು ಪ್ರತಿ ಮಂಡಲ ಕಚೇರಿಗೆ, ಒಂದು ಎಪಿ ಟ್ರಾನ್ಸ್‌ಕೊಗೆ, ಒಂದು ಕಂಪನಿಗೆ ಸ್ವೀಕೃತಿ ಪಡೆದು ಕೊಡಿ.